ಮುಖವನ್ನು ನೋಡಲು ಕಲಿತ ಬಗೆ

(ಶತಮಾನೋತ್ಸವದ ಅಂಗವಾಗಿ ಸಭಾಂಗಣದಲ್ಲಿ ತೈಲಚಿತ್ರದ ಅನಾವರಣವಾದಾಗ ಚಿತ್ರಕಾರರ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಸಂಭ್ರಮದ ದಿನಗಳಲ್ಲಿ ನಾಲ್ಕು ಮಾತು ಹೇಳಬೇಕೆಂದು ಶತಮಾನೋತ್ಸವ ಸಮಿತಿಯವರು ಕರೆದಾಗ ನಮಗೆ ಸಂಕೋಚವೇ ಆಯಿತು. ಕುಂಚ ಹಿಡಿಯುವವರಿಗೆ ಮಾತಿನ ಅಭ್ಯಾಸ ಕಡಿಮೆ. ಅದರಲ್ಲಿಯೂ ನಾವು ಹೆಸರಾಂತ ಕಲಾವಿದರಲ್ಲ. ನಮ್ಮ ಮೂವರಲ್ಲಿ ಒಬ್ಬರು ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರರು. ಒಬ್ಬರು ಅಂಗಡಿಗಳಿಗೆ ಬೋರ್ಡು ಬರೆದು ಜೀವನ ಸಾಗಿಸುವವರು. ಇನ್ನೊಬ್ಬರು ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬಣ್ಣ ಕಲಸುವ ಗೃಹಿಣಿ. ಆದರೂ ಕಳೆದ ಒಂದು ವರ್ಷದಿಂದ ನಮ್ಮನ್ನು ಕಂಡವರೆಲ್ಲ ಕೇಳುತ್ತ ಬಂದಿರುವ ಒಂದು ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕರ್ತವ್ಯವಾಗಿದೆ. "ಗಂಟೆ ಅಜ್ಜನ ಚಿತ್ರ ಬರೆದುಕೊಡಿ ಎಂದರೆ, ನೀವೇಕೆ ಯಾರೋ ಇಟಲಿಯವನ ಚಿತ್ರ ಬರೆಯುತ್ತ ಕುಳಿತಿರಿ?" ಎಂಬುದೇ ಆ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರವೇ ನಮ್ಮ ಇಂದಿನ ಭಾಷಣ.

ನಲವತ್ತು ವರ್ಷಕ್ಕೂ ಮಿಕ್ಕಿ ಈ ದೇವಾಲಯದ ಗಂಟೆ ಬಾರಿಸಿದ ಅಜ್ಜನನ್ನು ಇಲ್ಲಿ ಅರಿಯದವರಿಲ್ಲ. ಮದುವೆಯ ಗಂಟೆ, ಮರಣದ ಗಂಟೆ, ಮುಂಜಾನೆಯ ಗಂಟೆ ಎಲ್ಲವೂ ಆ ಎರಡು ಕೈಗಳಿಂದಲೇ ಹೊರಟವು. ದೇವಾಲಯವನ್ನು ಕಟ್ಟಿಸಿದವರ ಚಿತ್ರಗಳು ಈ ಸಭಾಂಗಣದಲ್ಲಿವೆ. ದೇವಾಲಯವನ್ನು ದಿನದಿನವೂ ಎಬ್ಬಿಸಿದವರ ಚಿತ್ರವೂ ಒಂದಿರಲಿ ಎಂದು ಸಮಿತಿಯವರು ನಿಶ್ಚಯಿಸಿದಾಗ ನಾವು ಹಿಂದುಮುಂದು ನೋಡದೆ ಒಪ್ಪಿಕೊಂಡೆವು.

ಮೊದಲ ಪ್ರಯತ್ನ ಒಂದು ಫೋಟೋ ನೋಡಿ ಮಾಡಿದ್ದು. ಮೈಬಣ್ಣವೆಂದು ಅಂಗಡಿಯಲ್ಲಿ ಕೊಡುವ ಟ್ಯೂಬನ್ನು ತಂದು ಮುಖದ ತುಂಬ ಹಚ್ಚಿದೆವು. ನೆರಳಿರುವಲ್ಲಿ ಕಪ್ಪನ್ನು ಬೆರೆಸಿದೆವು. ಗಡ್ಡದ ಕೂದಲನ್ನು ಒಂದೊಂದಾಗಿ ಎಳೆದೆವು. ಎರಡು ವಾರದಲ್ಲಿ ಕೆಲಸ ಮುಗಿಯಿತು. ಅಜ್ಜಿಯನ್ನು ಕರೆದು ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿದರು. ನಮ್ಮ ಮನಸ್ಸು ನೋಯಬಾರದೆಂಬ ಮರ್ಯಾದೆಯಿಂದಲೇ ಮೆಲ್ಲಗೆ ಕೇಳಿದರು: "ಚೆನ್ನಾಗಿದೆ ಮಕ್ಕಳೇ, ಇವರು ಯಾರು?"

ಐವತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಗೆ ಗುರುತು ಸಿಗದ ಚಿತ್ರವನ್ನು ಗೋಡೆಗೆ ಹಾಕಿ ಯಾರನ್ನು ಸನ್ಮಾನಿಸಿದಂತಾಯಿತು? ನಾವು ಕ್ಯಾನ್‌ವಾಸನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆವು.

ಆ ಬೇಸಗೆಯಲ್ಲಿ ನಾವು ಘಟ್ಟ ಇಳಿದು ಮಂಗಳೂರಿಗೆ ಹೋದೆವು. ಅಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ತಮ್ಮಲ್ಲಿ ಬಹುಮಂದಿ ಕಂಡಿರಬಹುದು. ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು ಸುಮಾರು 1899ರಿಂದ 1901ರವರೆಗೆ ಒಳಗೋಡೆಗಳ ಮೇಲೆ ಹಸಿಗಾರೆಯ ಚಿತ್ರಗಳನ್ನೂ ಮೇಲ್ಛಾವಣಿಗೆ ಕ್ಯಾನ್‌ವಾಸಿನ ತೈಲಚಿತ್ರಗಳನ್ನೂ ಬರೆದರು. ಕತ್ತೆತ್ತಿ ನೋಡುತ್ತ ನೋಡುತ್ತ ನಮಗೆ ಒಂದು ಕುತೂಹಲ ಹುಟ್ಟಿತು: ಇವರು ಇದನ್ನು ಕಲಿತದ್ದು ಹೇಗೆ? ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಾಮೊ ನಗರದ ಬಳಿಯ ಸ್ತೆಜ್ಜಾನೊ ಎಂಬಲ್ಲಿ ಹುಟ್ಟಿದವರು. ಬೆರ್ಗಾಮೊದ ಕರ್ರಾರ ಕಲಾಶಾಲೆಯಲ್ಲಿ ಓದಿ, ಅನಂತರ ರೋಮಿಗೆ ಹೋಗಿ ವ್ಯಾಟಿಕನ್ನಿನ ಹಿರಿಯ ಕೃತಿಗಳನ್ನು ಅಭ್ಯಾಸ ಮಾಡಿದವರು. ಆ ಕಾಲದ ಕಲಾಶಾಲೆಗಳಲ್ಲಿ ಅಭ್ಯಾಸವೆಂದರೆ ಬರಿದೆ ನೋಡುವುದಲ್ಲ. ಗುರುಗಳ ಕೃತಿಯ ಮುಂದೆ ಕುಳಿತು ನಕಲು ಮಾಡುವುದು.

ನಕಲು ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದವನನ್ನು ಹೊರಗೆ ಹಾಕುತ್ತಾರೆ. ಆದರೆ ಮಗುವು ಅಕ್ಷರ ಕಲಿಯುವುದು ಹೇಗೆ? ಹಿಂದೆ ಮರಳಿನ ಮೇಲೆ ಗುರುಗಳು ಬರೆದ 'ಅ'ದ ಮೇಲೆಯೇ ಬೆರಳಾಡಿಸಿ ತಿದ್ದುತ್ತಿದ್ದೆವು. ನಕಲು ಎಂದು ಅದನ್ನು ಯಾರೂ ಹಳಿಯಲಿಲ್ಲ, ತಿದ್ದುವುದು ಎಂದರು. ಚಿತ್ರಕಲೆಯಲ್ಲಿಯೂ ಅದೇ ಪದ್ಧತಿ. ಕ್ರಿ. ಶ. 1400ರ ಸುಮಾರಿಗೆ ಇಟಲಿಯ ಚೆನ್ನೀನೊ ಚೆನ್ನೀನಿ ಎಂಬ ಚಿತ್ರಕಾರನು ಕಸುಬನ್ನು ಕುರಿತು ಬರೆದ ಗ್ರಂಥದಲ್ಲಿ, ಕಲಿಯುವವನು ಇಂದೊಬ್ಬ ಗುರು ನಾಳೆಯೊಬ್ಬ ಗುರು ಎಂದು ಅಲೆಯದೆ ಶ್ರೇಷ್ಠನಾದ ಒಬ್ಬನನ್ನು ಹಿಡಿದು ಅವನ ಕೃತಿಗಳನ್ನೇ ಬಿಡದೆ ಬರೆಯಬೇಕೆಂದು ಬುದ್ಧಿ ಹೇಳಿದ್ದಾನೆ. ಮಹಾಕಲಾವಿದ ರಫಾಯೆಲ್ ಕೂಡ ಹಿರಿಯನಾದ ಪೆರುಜಿನೊವಿನ ಕೈಹಿಡಿದು ನಡೆದವನೇ. 1504ರಲ್ಲಿ ಅವನು ಬರೆದ 'ಕನ್ಯಾಮರಿಯಮ್ಮನವರ ವಿವಾಹ' ಇಂದು ಮಿಲಾನಿನ ಬ್ರೇರಾ ಚಿತ್ರಶಾಲೆಯಲ್ಲಿದೆ. ಅದೇ ವಿಷಯದ ಪೆರುಜಿನೊವಿನ ಚಿತ್ರ ಫ್ರಾನ್ಸಿನ ಕಾನ್ ನಗರದಲ್ಲಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಹಿಂದಿನ ಮಂದಿರ, ಮುಂದಿನ ಜನರ ಸಾಲು, ನಡುವೆ ನಿಂತ ಗುರು ಎಲ್ಲವೂ ಒಂದನ್ನೊಂದು ಹೋಲುತ್ತವೆ. ಹೋಲಿಕೆಯ ಒಳಗಿನಿಂದಲೇ ಕಿರಿಯನ ಸ್ವಂತ ದೃಷ್ಟಿ ತಲೆಯೆತ್ತುವುದೂ ಕಾಣುತ್ತದೆ.

ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯವು 1793ರಲ್ಲಿ ಜನರಿಗೆ ತೆರೆದಂದಿನಿಂದಲೂ ಅಲ್ಲಿ ನಕಲುಕಾರರಿಗೆ ಪ್ರವೇಶವಿದೆ. ಇಂದಿಗೂ ಅನುಮತಿ ಪಡೆದು ಮೂಲಚಿತ್ರದ ಮುಂದೆಯೇ ಈಸೆಲ್ ನಿಲ್ಲಿಸಿಕೊಂಡು ಬರೆಯಬಹುದು. ಅಲ್ಲಿನ ನಿಯಮವೊಂದು ನಮಗೆ ಬಹಳ ಹಿಡಿಸಿತು: ನಕಲು ಮೂಲದ ಅಳತೆಗೆ ಸಮನಾಗಿರಬಾರದು; ಐದರಲ್ಲಿ ಒಂದು ಪಾಲು ಕಿರಿದೋ ಹಿರಿದೋ ಆಗಿರಬೇಕು. ಮೂಲ ಕಲಾವಿದನ ಸಹಿಯನ್ನು ನಕಲಿಸುವಂತಿಲ್ಲ. ಕಲಿಯಲು ತಿದ್ದುವುದು ಬೇರೆ, ಮೋಸ ಮಾಡಲು ನಕಲಿಸುವುದು ಬೇರೆ ಎಂಬ ವಿವೇಕ ಆ ನಿಯಮದಲ್ಲಿದೆ.

ನಾವು ತಿದ್ದಲು ಆರಿಸಿಕೊಂಡದ್ದು ಲೂವ್ರ್‌ನಲ್ಲಿಯೇ ಇರುವ ಒಂದು ಭಾವಚಿತ್ರ. 1514-15ರ ಸುಮಾರಿಗೆ ರಫಾಯೆಲ್ ಬರೆದ ಬಾಲ್ದಸ್ಸಾರೆ ಕಾಸ್ತಿಲಿಯೋನೆಯ ಚಿತ್ರ. ಕಾಸ್ತಿಲಿಯೋನೆ (1478-1529) ರಾಜಸಭೆಗಳಲ್ಲಿ ರಾಯಭಾರಿಯಾಗಿದ್ದವನು. ಸಭ್ಯನಾದ ಆಸ್ಥಾನಿಕನು ಹೇಗಿರಬೇಕೆಂಬುದನ್ನು ಕುರಿತ ಅವನ ಗ್ರಂಥ 1528ರಲ್ಲಿ ಅಚ್ಚಾಯಿತು. ಪುಣ್ಯಪುರುಷರ ಚಿತ್ರವೊಂದನ್ನು ಆರಿಸಿಕೊಳ್ಳಬಾರದಿತ್ತೇ ಎಂದು ಕೆಲವರು ಕೇಳಿದರು. ನಮಗೆ ಬೇಕಾಗಿದ್ದದ್ದು ಪ್ರಭಾವಳಿಯಿಲ್ಲದ, ನಮ್ಮ ಅಜ್ಜನಂತೆಯೇ ಕುರ್ಚಿಯಲ್ಲಿ ಕುಳಿತ ಒಬ್ಬ ಮನುಷ್ಯನ ಮುಖ. ಈ ಚಿತ್ರದಲ್ಲಿ ಕಿರೀಟವಿಲ್ಲ, ಆಭರಣಗಳ ಮೆರುಗಿಲ್ಲ. ಕಪ್ಪು ಟೋಪಿ, ಬೂದುಬಣ್ಣದ ತುಪ್ಪುಳಿನ ಉಡುಪು, ಎದೆಯ ಮೇಲೆ ಬಿಳಿಯ ಅಂಗಿ, ಹಿಂದೆ ಬರಿಯ ಗೋಡೆ, ಗಡ್ಡದ ನಡುವೆ ಶಾಂತವಾದ ಬಾಯಿ, ನಮ್ಮನ್ನೇ ನೋಡುವ ನೀಲಿ ಕಣ್ಣುಗಳು. ಬಣ್ಣಗಳು ಎಣಿಸಿದಷ್ಟೇ. ಕಲಿಯುವವರಿಗೆ ಬಡತನದ ಬಣ್ಣಪೆಟ್ಟಿಗೆಯೇ ಒಳ್ಳೆಯ ಗುರು.

ಈ ಚಿತ್ರವನ್ನು ತಿದ್ದಿ ಕಲಿತವರ ಸಾಲು ದೊಡ್ಡದು. ರಫಾಯೆಲ್ ಇದನ್ನು ಕೂರಿಸಿದ ಭಂಗಿಯಲ್ಲಿಯೇ ಲಿಯೊನಾರ್ದೊವಿನ 'ಮೋನಾ ಲೀಸಾ'ದ ನೆನಪಿದೆ. ಫ್ಲಾಂಡರ್ಸಿನ ರೂಬೆನ್ಸ್, ಆಗಲೇ ಯುರೋಪಿನಲ್ಲೆಲ್ಲ ಕೀರ್ತಿವಂತನಾಗಿದ್ದವನು, ಇದನ್ನು ನಕಲು ಮಾಡಿದನು; ಆ ನಕಲು ಲಂಡನ್ನಿನ ಕೋರ್ಟೋಲ್ಡ್ ಚಿತ್ರಶಾಲೆಯಲ್ಲಿದೆ. 1639ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಈ ಚಿತ್ರ ಹರಾಜಿಗೆ ಬಂದಾಗ ರೆಂಬ್ರಾಂಟ್ ಅಲ್ಲಿದ್ದನು. ಚಿತ್ರವನ್ನು ಇನ್ನೊಬ್ಬರು ಕೊಂಡರು. ರೆಂಬ್ರಾಂಟ್ ಅದನ್ನು ಒಂದು ಸಣ್ಣ ಕಾಗದದ ಮೇಲೆ ಅವಸರದಲ್ಲಿ ಗೀಚಿಕೊಂಡು, ಪಕ್ಕದಲ್ಲಿ ಅದು 3,500 ಗಿಲ್ಡರಿಗೆ ಹೋಯಿತೆಂದು ಗುರುತು ಹಾಕಿಕೊಂಡನು. ಆ ಕಾಗದ ಇಂದಿಗೂ ವಿಯೆನ್ನಾದ ಆಲ್ಬರ್ಟೀನದಲ್ಲಿದೆ. ಮರುವರ್ಷ, 34ರ ವಯಸ್ಸಿನಲ್ಲಿ, ಅವನು ತನ್ನದೇ ಮುಖವನ್ನು ಬರೆದಾಗ ಆ ಕುಳಿತ ಭಂಗಿಯಲ್ಲಿ ರಫಾಯೆಲ್ಲನ ಪಾಠ ಕಾಣುತ್ತದೆ. ಮುಖ ಮಾತ್ರ ಪೂರ್ತಿಯಾಗಿ ರೆಂಬ್ರಾಂಟನದೇ. ಚಿತ್ರವು ಮುಂದೆ ಕಾರ್ಡಿನಲ್ ಮಜಾರಿನ್ನರ ಸಂಗ್ರಹದಿಂದ 1661ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕೈಸೇರಿತು. ಇಷ್ಟು ದೊಡ್ಡವರು ಕುಳಿತ ಪಂಕ್ತಿಯ ಕೊನೆಯಲ್ಲಿ ನಾವು ಮೂವರೂ ಒಂದು ಎಲೆ ಹಾಕಿಕೊಂಡು ಕುಳಿತೆವು ಎಂದು ತಾವು ಭಾವಿಸಬೇಕು.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇವೆ. ಆಸಕ್ತಿಯಿರುವ ತರುಣರಿಗೆ ಉಪಯೋಗವಾದೀತು.

ಮೂಲಚಿತ್ರ 82 ಸೆಂಟಿಮೀಟರ್ ಎತ್ತರ, 67 ಸೆಂಟಿಮೀಟರ್ ಅಗಲ. ಲೂವ್ರ್‌ನ ನಿಯಮ ನಮಗೆ ಅನ್ವಯಿಸದಿದ್ದರೂ ಗೌರವಕ್ಕಾಗಿ ಪಾಲಿಸಿ, ಐದನೆಯ ಒಂದು ಪಾಲು ಕಡಮೆ ಮಾಡಿ, ಸುಮಾರು 66ಕ್ಕೆ 54 ಸೆಂಟಿಮೀಟರಿನ ಕ್ಯಾನ್‌ವಾಸನ್ನು ಚೌಕಟ್ಟಿಗೆ ಬಿಗಿದೆವು. ಬಟ್ಟೆಗೆ ಎಣ್ಣೆ ನೇರವಾಗಿ ತಗುಲಿದರೆ ನೂಲು ಕಾಲಕ್ರಮದಲ್ಲಿ ಕೆಡುತ್ತದೆ. ಆದ್ದರಿಂದ ಮೊದಲು ತೆಳುವಾದ ಅಂಟು, ಆಮೇಲೆ ಬಿಳಿಯ ತಳಬಣ್ಣ. ಅಚ್ಚಾದ ಪ್ರತಿಯ ಮೇಲೆ ಚೌಕುಳಿ ಎಳೆದು, ಕ್ಯಾನ್‌ವಾಸಿನ ಮೇಲೂ ಅಷ್ಟೇ ಚೌಕುಳಿ ಎಳೆದು, ಇದ್ದಿಲಿನಿಂದ ರೇಖೆಯನ್ನು ಒಂದೊಂದು ಮನೆಯಾಗಿ ಸಾಗಿಸಿದೆವು. ಇದಕ್ಕೇ ಎರಡು ವಾರ ಹಿಡಿಯಿತು. ಮುಗಿಯಿತೆಂದು ಕನ್ನಡಿಯಲ್ಲಿ ತಿರುಗಿಸಿ ನೋಡಿದಾಗ ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗಿಳಿದಿತ್ತು! ನೇರವಾಗಿ ನೋಡುವಾಗ ಕಣ್ಣು ತನ್ನ ತಪ್ಪಿಗೆ ತಾನೇ ಒಗ್ಗಿಹೋಗಿರುತ್ತದೆ. ಕನ್ನಡಿ ಮುಲಾಜು ನೋಡುವುದಿಲ್ಲ. ಎಲ್ಲವನ್ನೂ ಒರೆಸಿ ಮತ್ತೆ ಬರೆದೆವು.

ಬಣ್ಣಗಳೋ, ಐದೇ ಐದು: ಬಿಳಿ, ಕಪ್ಪು, ಯೆಲ್ಲೊ ಓಕರ್ ಎಂಬ ಹಳದಿಮಣ್ಣು, ಅಂಬರ್ ಎಂಬ ಕಂದುಮಣ್ಣು, ಒಂದು ಕೆಂಪು. ಹಿಂದಿನವರು ಬಳಸುತ್ತಿದ್ದ ಸೀಸದ ಬಿಳಿ ವಿಷವಾದುದರಿಂದ ನಾವು ಟೈಟೇನಿಯಮ್ ಬಿಳಿಯನ್ನು ಹಿಡಿದೆವು. ಮೊದಲು ಕಂದು ಮತ್ತು ಬಿಳಿಯಿಂದ ಮಾತ್ರವೇ ಬೆಳಕು-ನೆರಳುಗಳನ್ನು ಇಟ್ಟೆವು. ಅದು ಆರಿದ ಮೇಲೆ ಬಣ್ಣದ ಪದರಗಳು. ಇಲ್ಲಿ ಒಂದು ನಿಯಮವನ್ನು ಮರೆಯಬಾರದು: ಕೆಳಗಿನ ಪದರದಲ್ಲಿ ಎಣ್ಣೆ ಕಡಮೆಯಿರಬೇಕು, ಮೇಲುಮೇಲಿನದರಲ್ಲಿ ಹೆಚ್ಚುತ್ತ ಹೋಗಬೇಕು. ತಪ್ಪಿದರೆ ಮೇಲಿನದು ಬೇಗ ಬಿಗಿದು, ಕೆಳಗಿನದು ಆಮೇಲೆ ಸರಿದು, ಚಿತ್ರ ಬಿರುಕು ಬಿಡುತ್ತದೆ. ಅಗಸೆಎಣ್ಣೆ ಒಣಗುವುದು ನೀರು ಆರುವಂತೆ ಅಲ್ಲ; ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಬಟ್ಟೆಯೇ ಒಣಗದು, ಎಣ್ಣೆ ಒಣಗೀತೇ? ಒಂದು ಪದರ ಹಚ್ಚಿ ಎರಡು ವಾರ ಕಾಯ್ದ ದಿನಗಳುಂಟು.

ಆ ಕಾಯುವಿಕೆಯೇ ನಮಗೆ ಕಲಿಸಿತು. ಬಣ್ಣ ಹಚ್ಚಲಾಗದ ದಿನಗಳಲ್ಲಿ ನೋಡುವುದೊಂದೇ ಉಳಿದ ಕೆಲಸ. ಕಪ್ಪು ಉಡುಪು ಒಂದೇ ಕಪ್ಪು ಎಂದುಕೊಂಡಿದ್ದೆವು. ಕಣ್ಣು ಕಿರಿದುಮಾಡಿ ನೋಡಿದಾಗ ಟೋಪಿಯ ಕಪ್ಪು ಬೇರೆ, ಎದೆಯ ಕಪ್ಪು ಬೇರೆ, ತೋಳಿನ ಮಡಿಕೆಯೊಳಗಿನದು ಬೇರೆಯಾಗಿ ಕಂಡಿತು. ಕಣ್ಣಿನ ಬಿಳಿಯ ಭಾಗ ಬಿಳಿಯಲ್ಲ. ಅಂಗಿಯ ಬಿಳಿಯ ಪಕ್ಕದಲ್ಲಿ ಅದು ಬೂದಿ. ತುಪ್ಪುಳನ್ನು ಕೂದಲು ಕೂದಲಾಗಿ ಬರೆದಿಲ್ಲ. ಬೆಳಕು ನೆರಳನ್ನು ಕೂಡುವ ಅಂಚನ್ನು ಮೃದುವಾಗಿಸಿದ್ದರಿಂದಲೇ ಅದು ತುಪ್ಪುಳು. ನಮ್ಮಲ್ಲಿ ಬೋರ್ಡು ಬರೆಯುವವರಿಗೆ ಇದೇ ಕಷ್ಟವಾಯಿತು. ಅಕ್ಷರಕ್ಕೆ ಗಡಿ ಸ್ಪಷ್ಟವಿರಬೇಕು. ಮುಖಕ್ಕೆ ಹಾಗಲ್ಲ, ಕೆನ್ನೆ ಎಲ್ಲಿ ಮುಗಿಯಿತೆಂದು ಗೆರೆ ಎಳೆಯಲಾಗದು. ಅಜ್ಜನ ಚಿತ್ರದಲ್ಲಿ ನಾವು ಮಾಡಿದ್ದ ತಪ್ಪು ಆಗ ಹೊಳೆಯಿತು. ನಾವು ಅವರ ಮುಖವನ್ನು ನೋಡಿಯೇ ಇರಲಿಲ್ಲ. ಮುದುಕನ ಮುಖ ಹೀಗಿರುತ್ತದೆಂದು ನಮಗೆ ಗೊತ್ತಿದ್ದುದನ್ನು ಬರೆದಿದ್ದೆವು.

ಒಂದು ಕೊರತೆಯನ್ನೂ ಮುಚ್ಚಿಡಬಾರದು. ನಮ್ಮಲ್ಲಿ ಯಾರೂ ಮೂಲಚಿತ್ರವನ್ನು ಕಂಡಿಲ್ಲ. ನಮ್ಮ ಬಳಿ ಇದ್ದ ಎರಡು ಅಚ್ಚಿನ ಪ್ರತಿಗಳಲ್ಲಿ ಒಂದು ಹಳದಿಗೆ ತಿರುಗಿತ್ತು, ಇನ್ನೊಂದು ನೀಲಿಗೆ. ಕುಂಚದ ಗುರುತು, ಪದರದ ದಪ್ಪ ಅಚ್ಚಿನಲ್ಲಿ ಕಾಣವು. ಆದುದರಿಂದ ನಾವು ರಫಾಯೆಲ್ಲನನ್ನು ಅರಿತೆವೆಂದು ಹೇಳಲಾರೆವು. ಅವನ ಮನೆಯ ಬಾಗಿಲವರೆಗೆ ಹೋಗಿ ಬಂದೆವು, ಅಷ್ಟೆ.

ಈ ನಡುವೆ ಆಗಸ್ಟ್ ತಿಂಗಳಲ್ಲಿ ಅಜ್ಜ ಜ್ವರದಿಂದ ಹಾಸಿಗೆ ಹಿಡಿದರು. ಜ್ವರ ಎದೆಗೆ ಇಳಿಯಿತು. ಅವರು ಉಳಿಯುವುದು ಕಷ್ಟವೆಂದು ಊರಲ್ಲೆಲ್ಲ ಮಾತಾಯಿತು. ಒಬ್ಬ ಹಿರಿಯರು ನಮ್ಮನ್ನು ದೇವಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ, "ಬದುಕಿರುವವರನ್ನು ಬಿಟ್ಟು ಐನೂರು ವರ್ಷದ ಹಿಂದೆ ಸತ್ತವನನ್ನು ಬರೆಯುತ್ತಿದ್ದೀರಲ್ಲ" ಎಂದರು. ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಆ ರಾತ್ರಿ ನಾವು ಮೂವರೂ ಕುಳಿತು ಯೋಚಿಸಿದೆವು. ಅರ್ಧ ಕಲಿತ ಕೈಯಿಂದ ಮತ್ತೆ ಫೋಟೋ ನೋಡಿ ಬರೆದರೆ ಸಮಿತಿಗೆ ಕೊಟ್ಟ ಮಾತು ಉಳಿಯುತ್ತದೆ. ಅಜ್ಜಿ ಮತ್ತೆ "ಇವರು ಯಾರು" ಎಂದು ಕೇಳುತ್ತಾರೆ. ಕಲಿತು ಮುಗಿಸುವವರೆಗೆ ಕಾದರೆ ಅಜ್ಜನೇ ಇಲ್ಲದಿರಬಹುದು. ಯಾವುದು ಸರಿಯೆಂದು ನಿಶ್ಚಯಿಸಲಾಗದೆ ಒಂದು ಕೆಲಸ ಮಾಡಿದೆವು: ದಿನಕ್ಕೊಬ್ಬರಂತೆ ಅವರ ಹಾಸಿಗೆಯ ಬಳಿ ಹೋಗಿ ಕುಳಿತೆವು. ಪೆನ್ಸಿಲ್ ಹಿಡಿದುಕೊಂಡು ಹೋಗಲಿಲ್ಲ. ಗಂಜಿ ಕುಡಿಸುವಾಗ, ದಿಂಬು ಸರಿಪಡಿಸುವಾಗ ಸುಮ್ಮನೆ ನೋಡಿದೆವು. ಹಗ್ಗ ಎಳೆದು ಎಳೆದು ಬಲಗೈಯ ಬೆರಳುಗಳು ಒಳಕ್ಕೆ ಬಾಗಿರುವುದನ್ನು ಇಷ್ಟು ವರ್ಷಗಳಲ್ಲಿ ನಾವು ಯಾರೂ ಗಮನಿಸಿರಲಿಲ್ಲ.

ದೇವರ ದಯೆಯಿಂದ ಅಜ್ಜ ಎದ್ದು ಕುಳಿತರು. ನವೆಂಬರಿನಲ್ಲಿ ನಮ್ಮ ನಕಲು ಮುಗಿಯಿತು. ಜನವರಿಯಲ್ಲಿ ಅವರು ಏಳು ಬೆಳಗ್ಗೆ ನಮ್ಮೆದುರಿಗೆ ಕುಳಿತರು. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವಂತೆ ಕುರ್ಚಿ ಇಟ್ಟೆವು, ಅದೇ ಐದು ಬಣ್ಣಗಳನ್ನು ಹಿಡಿದೆವು. ಅಜ್ಜನ ಮೈಬಣ್ಣ ಇಟಲಿಯವನದಲ್ಲ. ಕಂದುಮಣ್ಣು ಹೆಚ್ಚು ಬೇಕಾಯಿತು, ಬಿಳಿ ಬಹಳ ಕಡಮೆ. ಆದರೆ ನೋಡುವ ಕ್ರಮ ಅದೇ. ಕಾಸ್ತಿಲಿಯೋನೆಯ ಚಿತ್ರದಲ್ಲಿ ಬೆರಳುಗಳು ಕೆಳಗಿನ ಅಂಚಿಗೆ ಕತ್ತರಿಸಿಹೋಗಿವೆ. ಆ ಭಾಗದಲ್ಲಿ ಮಾತ್ರ ನಾವು ಗುರುವನ್ನು ಅನುಸರಿಸಲಿಲ್ಲ. ಗಂಟೆ ಅಜ್ಜನ ಚಿತ್ರದಲ್ಲಿ ಕೈಗಳಿಲ್ಲದಿದ್ದರೆ ಆದೀತೇ?

ಕಾಸ್ತಿಲಿಯೋನೆಯ ಸಂಗತಿಯೊಂದು ಹೇಳುವುದು ಉಳಿದಿದೆ. ಅವನು 1516ರಲ್ಲಿ ಇಪ್ಪೊಲೀತಾ ಎಂಬಾಕೆಯನ್ನು ಮದುವೆಯಾದನು. ರಾಯಭಾರದ ಕೆಲಸದಿಂದ ಬಹುಕಾಲ ಮನೆಯಿಂದ ದೂರವಿರಬೇಕಾಗುತ್ತಿತ್ತು. ಆಗ ಹೆಂಡತಿಯೇ ತನಗೆ ಓಲೆ ಬರೆದಂತೆ ಅವನು ಲ್ಯಾಟಿನ್ ಭಾಷೆಯಲ್ಲಿ ಒಂದು ಪದ್ಯ ರಚಿಸಿದನು. ಅದರಲ್ಲಿ ಆಕೆ, ರಫಾಯೆಲ್ ಬರೆದ ಗಂಡನ ಚಿತ್ರವೇ ತನಗೆ ಸಮಾಧಾನವೆಂದೂ, ಅದರೊಡನೆ ನಕ್ಕು ಮಾತನಾಡುವೆನೆಂದೂ, ಪುಟ್ಟ ಮಗು ತಂದೆಯನ್ನು ಗುರುತಿಸಿ ತೊದಲುತ್ತದೆಂದೂ ಹೇಳುತ್ತಾಳೆ. ಇಪ್ಪೊಲೀತಾ 1520ರಲ್ಲಿ ತೀರಿಕೊಂಡಳು. ಅದೇ ವರ್ಷ 37ರ ವಯಸ್ಸಿಗೇ ರಫಾಯೆಲ್ ಕೂಡ ತೀರಿಕೊಂಡನು. ದೊರೆಗಳೂ ಕಾರ್ಡಿನಲ್ಲರೂ ಹಣ ಸುರಿದು ಕೊಂಡ ಆ ಚಿತ್ರಕ್ಕೆ ಮೊದಲಿಗೆ ಇದ್ದ ಬೆಲೆ ಇಷ್ಟೇ: ಮನೆಯವರು ಅದನ್ನು ಕಂಡು ಇವರು ನಮ್ಮವರು ಎಂದದ್ದು. ನಮ್ಮ ಚಿತ್ರಕ್ಕೂ ಅದೊಂದೇ ಪರೀಕ್ಷೆಯೆಂದು ನಾವು ತಿಳಿದೆವು.

ಕಳೆದ ವಾರ ಅಜ್ಜಿಯನ್ನು ಮತ್ತೆ ಕರೆತಂದು ತೋರಿಸಿದೆವು. ಆಕೆ ನೋಡಿದರು. ಹತ್ತಿರ ಹೋಗಿ ಕೈಗಳನ್ನು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಇವರೇ ಸರಿ. ಆದರೆ ಇಷ್ಟು ಹೊತ್ತು ಸುಮ್ಮನೆ ಕೂತವರಲ್ಲ" ಎಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವನ್ನು ನಾವು ಬಯಸುವುದಿಲ್ಲ.

ಈಗ ತಾವು ನೋಡುತ್ತಿರುವ ಈ ಚಿತ್ರದಲ್ಲಿ ದೋಷಗಳಿವೆ. ಎಡಗಿವಿ ಕೊಂಚ ದೊಡ್ಡದಾಗಿದೆ. ಅಂಗಿಯ ಮಡಿಕೆಗಳು ಮರದಂತೆ ಬಿಗಿದಿವೆ. ಎಣ್ಣೆ ಪೂರ್ತಿ ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕಾದ್ದರಿಂದ ವಾರ್ನಿಷ್ ಹಚ್ಚಿಲ್ಲ. ದಯವಿಟ್ಟು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. ನಮ್ಮ ನಕಲುಚಿತ್ರವನ್ನು ಧರ್ಮಕೇಂದ್ರದ ಶಾಲೆಗೆ ಒಪ್ಪಿಸುತ್ತಿದ್ದೇವೆ. ಅದರ ಹಿಂಬದಿಯಲ್ಲಿ 'ರಫಾಯೆಲ್ಲನ ಚಿತ್ರವನ್ನು ನೋಡಿ, ಕಲಿಯುವುದಕ್ಕಾಗಿ ಬರೆದ ನಕಲು' ಎಂದು ಸ್ಪಷ್ಟವಾಗಿ ಬರೆದಿದ್ದೇವೆ. ಕಲಿಯಬಯಸುವ ಮಕ್ಕಳು ಶನಿವಾರ ಮಧ್ಯಾಹ್ನ ಶಾಲೆಗೆ ಬರಲಿ. ಐದು ಬಣ್ಣ, ಎರಡು ಕುಂಚ, ಒಂದು ಕನ್ನಡಿ ಸಾಕು. ಮೊದಲು ಒಬ್ಬ ಗುರುವಿನ ಒಂದು ಚಿತ್ರವನ್ನು ತಿದ್ದಲಿ. ಆಮೇಲೆ ಮನೆಗೆ ಹೋಗಿ ತಮ್ಮ ಅಜ್ಜ ಅಜ್ಜಿಯರನ್ನು ಎದುರಿಗೆ ಕೂರಿಸಿಕೊಳ್ಳಲಿ. ಆ ಎರಡನೆಯದಕ್ಕೆ ತಡಮಾಡದಿರಲಿ. ನಮಗೆ ಆಗಸ್ಟ್ ತಿಂಗಳಲ್ಲಿ ಆದ ಹೆದರಿಕೆ ಅವರಿಗೆ ಆಗುವುದು ಬೇಡ.